ಚುಕ್ಕಿ, ಓರೆಗೆರೆ

ಫರ್ಹಾನಾ,
ನಿನ್ನ ರೆಕಾರ್ಡ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೀತಿದ್ದೀನಿ,
ಬೇರೆ ಕಾಗದ ಸಿಗಲಿಲ್ಲ.
ಬಾಟನಿ ಲ್ಯಾಬಿನ ಮೂರನೇ ಕಂಪ್ಯೂಟರು, ಕಿಟಕಿ ಪಕ್ಕದ್ದು.
ಸ್ಪೇಸ್ ಒಂದು ಸಲ ಒತ್ತಿದರೆ ಎರಡು ಬೀಳುತ್ತೆ, ನೋಡ್ಕೋ.

ಮೊದಲು ಗಂಟು ಬಿಚ್ಚು.
ಟಾರ್ ಅಂತ ಅದರ ಹೆಸರು.
ಬಿಚ್ಚಿದ ಮೇಲೆ ದೊಡ್ಡಕ್ಷರದ ಕಡತವೊಂದು ಕಾಣುತ್ತೆ,
ನನ್ನನ್ನು ಓದು ಅಂತ ಅದರ ಹಣೆಯ ಮೇಲೇ ಬರೆದಿದೆ.
ಓದು.
ನಾನು ಓದಲಿಲ್ಲ. ಎರಡು ದಿನ ಹೋಯಿತು.

ಆಮೇಲೆ
ಚುಕ್ಕಿ, ಓರೆಗೆರೆ, ಕಾನ್ಫಿಗರ್.
ಚುಕ್ಕಿ ಅಂದರೆ ಇಲ್ಲಿ. ನೀನು ನಿಂತಿರುವ ಈ ಜಾಗ.
ಕಣ್ಣೆದುರಿಗೆ ಇರುವುದನ್ನೂ
ಇಲ್ಲೇ ಇದೆ ಅಂತ ಬೊಟ್ಟು ಮಾಡದಿದ್ದರೆ
ಊರೆಲ್ಲ ಹುಡುಕಿ ಬಂದು ಸಿಗಲಿಲ್ಲ ಅನ್ನುತ್ತೆ,
ನನ್ನ ಬಡ್ತಿ ಕಡತಕ್ಕೆ ನಮ್ಮ ಗುಮಾಸ್ತರು ಹೇಳುವ ಹಾಗೇ.

ಅದು ವಿಚಾರಿಸಲು ಶುರು ಮಾಡುತ್ತೆ.
ಕಂಪೈಲರ್ ಇದೆಯಾ? ಇದೆ.
ಗಣಿತದ ಲೈಬ್ರರಿ? ಇದೆ.
ಚಿತ್ರ ಓದುವ ಲೈಬ್ರರಿ? ಇಲ್ಲ.
ಇಲ್ಲ ಅಂದದ್ದೇ ಎದ್ದು ಹೋಯಿತು.
ಹೆಣ್ಣು ನೋಡಲು ಬಂದವರ ನೆನಪಾಯಿತು ನನಗೆ,
ಹಾಡು ಬರುತ್ತಾ, ಹೊಲಿಗೆ ಬರುತ್ತಾ.
ನಗಬೇಡ.
ಇಲ್ಲದ್ದನ್ನು ತಂದಿಟ್ಟು ಮತ್ತೆ ಕರೆದರೆ ಇದು ಬರುತ್ತೆ,
ಮುನಿಸಿಲ್ಲ.

ಮೇಕ್ ಅಂತ ಹೊಡೆದರೆ ಸಾಲುಗಳು ಉರುಳುತ್ತವೆ,
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮೂಟೆ ಸುರಿದ ಹಾಗೆ.
ನೂರು ದೋಷ ಬಂದರೂ ಕೊನೆಯದನ್ನು ಹಿಡಿದು ಅಳುತ್ತಾ ಕೂರಬೇಡ.
ಮೇಲಕ್ಕೆ ಹೋಗು, ಮೊದಲನೆಯದನ್ನು ನೋಡು.
ಮಗುವನ್ನು ಚಿವುಟಿದ ಕೈ ಅಲ್ಲಿರುತ್ತೆ,
ಉಳಿದದ್ದೆಲ್ಲ ತೊಟ್ಟಿಲ ಕಿರುಗುಟ್ಟು.

ಮುಕ್ಕಾಲು ಮುಗಿದಿತ್ತು, ಕರೆಂಟು ಹೋಯಿತು.
ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಅಂತ
ಕತ್ತಲಲ್ಲೇ ಬುತ್ತಿ ಬಿಚ್ಚಿ ಉಂಡೆ.
ಬಂದ ಮೇಲೆ ಇನ್ನೊಮ್ಮೆ ಮೇಕ್ ಅಂದರೆ,
ಮುಗಿದದ್ದನ್ನು ಮುಟ್ಟಲಿಲ್ಲ ಅದು.
ಬಿಟ್ಟ ಹೊಲಿಗೆಯಿಂದಲೇ ಸೂಜಿ ಎತ್ತಿಕೊಂಡಿತು.

ಮೇಕ್ ಇನ್‌ಸ್ಟಾಲ್.
ಅನುಮತಿ ಇಲ್ಲ.
ರೂಟ್ ಪಾಸ್‌ವರ್ಡು ಮುಖ್ಯಸ್ಥರ ತಲೆಯಲ್ಲಿ,
ಮುಖ್ಯಸ್ಥರು ಹಾಸನಾಂಬೆ ದರ್ಶನದ ಸಾಲು ಕಾಯುವ ಡ್ಯೂಟಿಯಲ್ಲಿ.
ಫೋನು ಎತ್ತಲಿಲ್ಲ.
ವರ್ಷಕ್ಕೊಂದೇ ಸಲ ತೆರೆಯುವ ಬಾಗಿಲು
ಈ ಊರಲ್ಲಿ ಎರಡಿವೆ ಕಣೇ.

ಆಗ ಓದಿದೆ, ಓದದೆ ಬಿಟ್ಟ ಆ ಕಡತ.
ಹನ್ನೊಂದನೇ ಸಾಲು, ಪ್ರಿಫಿಕ್ಸ್:
ಎಲ್ಲರದ್ದಾದ ಜಾಗ ಸಿಗದಿದ್ದರೆ
ನಿನ್ನ ಹೋಮ್ ಒಳಗೇ ಇಳಿಸಿಕೋ, ಯಾರನ್ನೂ ಕೇಳಬೇಕಿಲ್ಲ.

ಇಪ್ಪತ್ತಾರು ವರ್ಷ ಇಲ್ಲಿ ಗಾಜು ತೊಳೆದಿದ್ದೀನಿ,
ಬೀರುವಿನಲ್ಲಿ ನನ್ನ ಹೆಸರಿನದೊಂದು ಖಾನೆ ಇಲ್ಲ.
ಓರೆಗೆರೆ ಹೋಮ್ ಓರೆಗೆರೆ ಫಿಲೋಮಿನಾ.
ಟೈಪ್ ಮಾಡಿ
ಎಂಟರ್ ಒತ್ತದೆ ಸ್ವಲ್ಪ ಹೊತ್ತು ನೋಡಿದೆ.

ಮತ್ತೆ ಮೊದಲಿಂದ ಕಾನ್ಫಿಗರ್, ಮತ್ತೆ ಮೇಕ್.
ಸಂಜೆಯಾಯಿತು, ಕಾವಲುಗಾರ ಬೀಗದ ಕೈ ಆಡಿಸುತ್ತಾ ನಿಂತ.
ಪಾತ್‌ಗೆ ಆ ದಾರಿ ಸೇರಿಸೋದು ಮರೀಬೇಡ.
ಮನೆ ಕಟ್ಟಿ ವಿಳಾಸ ಕೊಡದಿದ್ದರೆ
ಅಂಚೆಯವನು ತಾನೇ ಏನು ಮಾಡ್ತಾನೆ.

ಆಷಾಢದಲ್ಲಿ ಸಾಲಗಾಮೆ ಕಡೆಯಿಂದ ಬಂದು
ಪೇಪರಿನೊಳಗೆ ಒತ್ತಿಟ್ಟಿದ್ದ ಆಲೂಗಡ್ಡೆ ಎಲೆ ಇತ್ತಲ್ಲ,
ಅದರ ಫೋಟೋ ಕೊಟ್ಟು ರೋಗದ ಚುಕ್ಕೆ ಎಣಿಸು ಅಂದೆ.
ನಲವತ್ತೊಂದು ಅಂತು.
ನಾನು ಕೈಲಿ ಎಣಿಸಿ ಬರೆದಿದ್ದು ನಲವತ್ತು.

ವಯಸ್ಸಾಯಿತು, ಕಣ್ಣು ತಪ್ಪಿರಬೇಕು ಅಂತ
ಮಸೂರ ಹಿಡಿದು ಇನ್ನೊಮ್ಮೆ ಕೂತೆ.
ತೊಟ್ಟಿನ ಹತ್ತಿರದ್ದು ರೋಗವಲ್ಲ ಫರ್ಹಾನಾ,
ಚೀಟಿ ಸಿಕ್ಕಿಸಿದ ಗುಂಡುಸೂಜಿಯ ತೂತು.

ಯಾವುದನ್ನು ಚುಕ್ಕೆ ಅನ್ನಬೇಕು ಅಂತ
ಆ ಗಂಟಿನೊಳಗೇ ಎಲ್ಲೋ ಬರೆದಿರುತ್ತೆ.
ಸೋಮವಾರ ಪೆನ್ಷನ್ ಮೊಹಲ್ಲಾದಿಂದ ಮೊದಲ ಆಟೋಗೇ ಬಾ,
ಆ ಸಾಲು ಹುಡುಕೋಣ.